2012ರ ಮ್ಯಾಕ್‌ಬುಕ್ ಪ್ರೊಗೆ ಓಪನ್‌ಕೋರ್: ಹಾಕಿರೋರು ಸ್ವಲ್ಪ ಹೇಳಿ

ನೂರಡಿ_ರಸ್ತೆ_ಮಂಡ್ಯ:
ಮ್ಯಾಕ್‌ಬುಕ್ ಪ್ರೊ 13 ಇಂಚು, 2012ರ ಮಧ್ಯದ್ದು, ಎ1278. ಐ5, 4 ಜಿಬಿ ರ್‍ಯಾಮ್, ಮೊದಲಿಂದ ಇದ್ದ 500 ಜಿಬಿ ಹಾರ್ಡ್‌ಡಿಸ್ಕೇ ಇದೆ. ಮ್ಯಾಕ್‌ಓಎಸ್ ಕ್ಯಾಟಲೀನಾದಿಂದ ಮುಂದಿನ ಆವೃತ್ತಿಗೆ ಆಪಲ್ ಬಿಡ್ತಿಲ್ಲ, ಕ್ರೋಮ್ ಕೂಡ 128ಕ್ಕೇ ನಿಂತಿದೆ. ಹಳೇ ಮ್ಯಾಕಲ್ಲಿ ಹೊಸ ಮ್ಯಾಕ್‌ಓಎಸ್ ಓಡಿಸೋ ಓಪನ್‌ಕೋರ್ ಲೆಗಸಿ ಪ್ಯಾಚರ್ ಹಾಕಿ ಸೊನೋಮಾ ಆವೃತ್ತಿಗೆ ಹೋಗೋಣ ಅಂತ ಯೋಚನೆ. ಮಗಳ ಕಾಲೇಜು ಕೆಲಸ, ಸ್ವಲ್ಪ ಕನ್ನಡ ಟೈಪಿಂಗ್, ಅಷ್ಟೇ. ಬಜೆಟ್ ಐದು ಸಾವಿರ. ಹಾಕಬಹುದಾ?

ಕುವೆಂಪುನಗರ_ಕೆ_ಬ್ಲಾಕ್:
ಹಾರ್ಡ್‌ಡಿಸ್ಕ್ ಮೇಲೆ ಸೊನೋಮಾನಾ? ದಯವಿಟ್ಟು ಬೇಡ ಸರ್. ಆಪಲ್‌ನ ಫೈಲ್ ವ್ಯವಸ್ಥೆ ಎಪಿಎಫ್‌ಎಸ್ ತಿರುಗೋ ಡಿಸ್ಕಿಗೆ ಒಗ್ಗೋದಿಲ್ಲ. ಬೂಟ್ ಆಗಿ ಡೆಸ್ಕ್‌ಟಾಪ್ ಬರೋ ಹೊತ್ತಿಗೆ ಕಾಫಿ ಕುಡಿದು ಲೋಟ ತೊಳೆದಿಡಬಹುದು.

ಇಲ್ಲಿ ಇದೇ ಮಾಡೆಲ್‌ಗೆ ಬಿದ್ದ ಲೆಕ್ಕ: 240 ಜಿಬಿ ಸಾಟಾ ಎಸ್‌ಎಸ್‌ಡಿ 1,750. ಎಂಟೆಂಟು ಜಿಬಿಯ ಎರಡು ಡಿಡಿಆರ್3ಎಲ್ 1600 ರ್‍ಯಾಮ್, ಸೆಕೆಂಡ್ಸ್, 1,900. ಬ್ಯಾಟರಿ ಎ1322, 3,200. ಡಿಸ್ಕ್ ಕೇಬಲ್ 1,400. ಅಂಗಡಿಯವನು ಕೊಟ್ಟದ್ದು 2011ರ ಮಾಡೆಲಿನ ಕೇಬಲ್, ವಾಪಸ್ ತಗೊಳ್ಳಲ್ಲ ಅಂದ, ಹಾಗಾಗಿ ಮತ್ತೆ 1,400. ಒಟ್ಟು 9,650. ಐದು ಸಾವಿರ ಎಲ್ಲಿಗೂ ಸಾಲಲ್ಲ.

ಆ ಕೇಬಲ್ಲೇ ಈ ಮಾಡೆಲಿನ ಶನಿ. ಅಲ್ಯೂಮಿನಿಯಂ ಬಾಡಿಗೆ ಒತ್ತಿಕೊಂಡು ಕೂತಿರುತ್ತೆ, ಬಿಸಿಗೂ ಉಜ್ಜಾಟಕ್ಕೂ ಒಳಗಿನ ಎಳೆ ಹೋಗುತ್ತೆ. ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲೋದು, ಪ್ರಶ್ನೆ ಚಿಹ್ನೆಯ ಫೋಲ್ಡರ್ ಬರೋದು, ಡಿಸ್ಕ್ ಯುಟಿಲಿಟಿಯಲ್ಲಿ ಡಿಸ್ಕ್ ಒಮ್ಮೆ ಕಾಣೋದು ಒಮ್ಮೆ ಮಾಯ ಆಗೋದು, ಎಲ್ಲ ಅದರದೇ ಆಟ. ಜನ ಓಪನ್‌ಕೋರನ್ನ ಬೈತಾರೆ. ಪರೀಕ್ಷೆ ಸುಲಭ: ಎಸ್‌ಎಸ್‌ಡಿಯನ್ನ ಯುಎಸ್‌ಬಿ ಕೇಸಿಗೆ ಹಾಕಿ ಹೊರಗಿಂದ ಬೂಟ್ ಮಾಡಿ. ಸರಾಗ ಓಡಿದರೆ ಡಿಸ್ಕಿಗೂ ಓಎಸ್‌ಗೂ ರೋಗವಿಲ್ಲ, ಕೇಬಲ್ ಬದಲಿಸಿ. ಹೊಸದು ಹಾಕುವಾಗ ಕೇಬಲ್ ಹಾಯೋ ಜಾಗದಲ್ಲಿ ಬಾಡಿಗೆ ಎಲೆಕ್ಟ್ರಿಕಲ್ ಟೇಪ್ ಒಂದು ಪದರ ಅಂಟಿಸಿ. ತಳದ ಹತ್ತು ಸ್ಕ್ರೂನಲ್ಲಿ ಮೂರು ಉದ್ದ, ಏಳು ಗಿಡ್ಡ. ಎಲ್ಲಿಂದ ತೆಗೆದಿರೋ ಅಲ್ಲಿಗೇ ಹಾಕಿ.

ಸಕ್ಕರೆ_ಸೀಮೆ:
ಕೇಬಲ್ ಪುರಾಣ ಸಾಕು ಬುಡಿ ಸ್ವಾಮಿ, ಅವ್ರು ಕೇಳಿರೋದು ಓಪನ್‌ಕೋರು.

ಪೆನ್‌ಡ್ರೈವು 32 ಜಿಬಿದು ತಗಳಿ. ಪ್ಯಾಚರ್ ಒಳಗೇ ಸೊನೋಮಾ ಇನ್‌ಸ್ಟಾಲರ್ ಇಳಿಸ್ಕಬೋದು, ಅದೇ ಪೆನ್‌ಡ್ರೈವ್‌ಗೆ ಬರ್‍ಕತದೆ. ಆಮೇಕೆ ಅದೇ ಪೆನ್‌ಡ್ರೈವ್‌ಗೇ ಓಪನ್‌ಕೋರ್ ಬಿಲ್ಡ್ ಮಾಡಿ ಹಾಕ್ಬೇಕು, ಇದು ಬ್ಯಾರೆ ಕೆಲ್ಸ, ಅರ್ಧ ಜನ ಇದನ್ನೇ ಬುಟ್‌ಬುಡ್ತಾರೆ. ಬ್ಯಾರೆ ಮ್ಯಾಕಲ್ಲಿ ಪೆನ್‌ಡ್ರೈವ್ ಮಾಡೋದಾದ್ರೆ ಸೆಟ್ಟಿಂಗ್ಸಲ್ಲಿ ಮಾಡೆಲ್ಲು ಮ್ಯಾಕ್‌ಬುಕ್‌ಪ್ರೊ9,2 ಅಂತ ಆರಿಸ್ಲೇಬೇಕು. ಇಲ್ದಿದ್ರೆ ಅದು ಆ ಮ್ಯಾಕಿಗೆ ಬಿಲ್ಡ್ ಆಯ್ತದೆ, ನಿಮ್ದು ಏಳಲ್ಲ.

ಆಪ್ಷನ್ ಕೀ ಹಿಡ್ಕಂಡು ಆನ್ ಮಾಡಿ. ಮೊದ್ಲು ಇಎಫ್‌ಐ ಬೂಟ್ ಆರಿಸಿ, ಓಪನ್‌ಕೋರ್ ಇರೋದು ಅದ್ರಲ್ಲೇ, ಅದರೊಳ್ಗೆ ಇನ್‌ಸ್ಟಾಲರ್. ಡಿಸ್ಕ್ ಯುಟಿಲಿಟೀಲಿ ‘ಎಲ್ಲಾ ಡಿವೈಸ್ ತೋರ್ಸು’ ಅಂತ ಕೊಟ್ಟು, ಮೇಲಿಂದನ್ನೇ ಆರಿಸಿ ಎಪಿಎಫ್‌ಎಸ್, ಜಿಯುಐಡಿ ಅಂತ ಅಳಿಸಿ. ಒಳ್ಗಿನ ಪಾರ್ಟಿಷನ್ ಮಾತ್ರ ಅಳಿಸಿದ್ರೆ ಹಳೇ ಕಸ ಉಳ್ಕತದೆ.

ಓಎಸ್ ಎದ್ದ ಮೇಲೆ ಎಲ್ಡ್ ಕೆಲ್ಸ ಐತೆ. ಒಂದು, ಓಪನ್‌ಕೋರನ್ನ ಒಳ್ಗಿನ ಡಿಸ್ಕಿನ ಇಎಫ್‌ಐ ಅನ್ನೋ ಬೂಟ್ ಭಾಗಕ್ಕೆ ಹಾಕೋದು. ಹಾಕ್ದೆ ಪೆನ್‌ಡ್ರೈವ್ ಕಿತ್ರೆ ಅಡ್ಡಗೀಟಿನ ವೃತ್ತ ಬತ್ತದೆ, ಮ್ಯಾಕ್ ಸತ್ತೋಯ್ತು ಅಂತ ಗಾಬ್ರಿ ಬೀಳ್ತಾರೆ. ಎಲ್ಡು, ರೂಟ್ ಪ್ಯಾಚು, ಅಂದ್ರೆ ಆಪಲ್ ಕಿತ್ತಾಕಿರೋ ಡ್ರೈವರ್‌ಗಳ್ನ ಓಎಸ್ ಒಳಕ್ಕೆ ವಾಪಸ್ ಸೇರ್ಸೋದು. ಎಚ್‌ಡಿ 4000 ಗ್ರಾಫಿಕ್ಸ್ ಡ್ರೈವರ್‌ನ ಸೊನೋಮಾಗಿಂತ ಹಿಂದಿನ ಮಾಂಟೆರೇಲೇ ಕಿತ್ತಾಕವ್ರೆ, ಹಳೇ ವೈಫೈನ ಸೊನೋಮಾದಲ್ಲಿ ಕಿತ್ತಾಕವ್ರೆ. ಪ್ಯಾಚ್ ಹಾಕೋಗಂಟ ಕಿಟಕಿ ಎಳೆದ್ರೆ ತುಂಡ್‌ತುಂಡಾಗಿ ಬತ್ತದೆ, ವೈಫೈ ಇರಲ್ಲ. ಪ್ಯಾಚಿಗೆ ಆಪಲ್ಲಿನ ಕರ್ನಲ್ ಡೀಬಗ್ ಕಿಟ್ ಅನ್ನೋ ಫೈಲು ಇಳಿಸ್ಬೇಕು, ಅದ್ಕೆ ನೆಟ್ ಬೇಕು. ಈ ಮಾಡೆಲ್ಲಲ್ಲಿ ಈಥರ್ನೆಟ್ ತೂತೈತೆ, ರೂಟರ್‌ಗೆ ವೈರ್ ಸಿಗ್ಸಿ ಮುಗುಸ್ಬುಡಿ.

ಕುವೆಂಪುನಗರ_ಕೆ_ಬ್ಲಾಕ್:
ಪುರಾಣ ಅಂತ ನಗಬೇಡಿ. ಸತ್ತ ಕೇಬಲ್ ಮೇಲೆ ನೀವು ಹೇಳಿದ್ದಷ್ಟನ್ನೂ ಮಾಡಿದರೆ ರೂಟ್ ಪ್ಯಾಚ್ ಅರ್ಧಕ್ಕೆ ಬಿದ್ದು ಮತ್ತೆ ಮೊದಲಿಂದ ಶುರು ಮಾಡಬೇಕು. ಆಗ ನಿಮ್ಮ ವೈರು ಏನು ಮಾಡುತ್ತೆ?

ಸರಸ್ವತಿಪುರಂ_ಸಂಜೆ:
ಇಬ್ಬರೂ ಮುಖ್ಯವಾದದ್ದನ್ನೇ ಹೇಳಲಿಲ್ಲ. ರೂಟ್ ಪ್ಯಾಚ್ ಆಗಬೇಕಾದರೆ ಸಿಸ್ಟಮ್ ವಾಲ್ಯೂಮ್ ಬದಲಾಗಿಲ್ಲ ಅಂತ ಖಾತ್ರಿ ಕೊಡೋ ಸೀಲ್ ಒಡೆಯಬೇಕು, ಸಿಸ್ಟಮ್ ಫೈಲ್ ಕಾಯೋ ರಕ್ಷಣೆಯಾದ ಎಸ್‌ಐಪಿ 0x803ಕ್ಕೆ ಇಳಿಯಬೇಕು. ಸೀಲ್ ಒಡೆದ ಮೇಲೆ ಚಿಕ್ಕ ಅಪ್‌ಡೇಟ್ ಅನ್ನೋದೇ ಇಲ್ಲ, ಸೊನೋಮಾದ ಪ್ರತಿ ಪಾಯಿಂಟ್ ಅಪ್‌ಡೇಟಿಗೂ ಹತ್ತು ಜಿಬಿ ಮೇಲ್ಪಟ್ಟು ಇಳಿಯುತ್ತೆ. ಮೊಬೈಲ್ ಡೇಟಾದಲ್ಲಿ ನಡೆಸೋರಿಗೆ ದಿನದ ಕೋಟಾ ಅಲ್ಲಿಗೆ ಸ್ವಾಹಾ. ಅಪ್‌ಡೇಟ್ ಆದ ಕೂಡಲೇ ಪ್ಯಾಚ್ ಅಳಿಸಿಹೋಗಿರುತ್ತೆ, ಮತ್ತೆ ಹಾಕಬೇಕು. ಆಟೋ ಅಪ್‌ಡೇಟ್ ಆಫ್ ಮಾಡದೆ ಮಲಗಿದರೆ ಬೆಳಿಗ್ಗೆ ಮಗಳು ಆನ್‌ಲೈನ್ ಕ್ಲಾಸಿಗೆ ಕೂತಾಗ ವೈಫೈ ಇರಲ್ಲ.

ಇನ್ನೊಂದು. ಸೊನೋಮಾಗೂ ಹಿಂದಿನ ವೆಂಚುರಾದಿಂದ ಮುಂದೆ ಆಪಲ್ ಎವಿಎಕ್ಸ್2 ಅನ್ನೋ ಸೂಚನೆಗಳಿರೋ ಪ್ರೊಸೆಸರ್ ಕೇಳುತ್ತೆ. ಮೂರನೇ ತಲೆಮಾರಿನ ಐ5ನಲ್ಲಿ ಅದಿಲ್ಲ. ಪ್ಯಾಚರ್ ಆಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲಿ ಇಂಟೆಲ್ ಆ್ಯಪ್ ಓಡಿಸೋ ರೊಸೆಟ್ಟಾಗೆ ಅಂತ ಇಟ್ಟಿರೋ ಫೈಲ್‌ಗಳನ್ನ ತಂದು ಕೂರಿಸಿ ನಡೆಸುತ್ತೆ. ಜಾಣ ಕೆಲಸ, ಒಪ್ಪುತ್ತೀನಿ. ಆದರೆ ಎವಿಎಕ್ಸ್2 ನೇರವಾಗಿ ಕೇಳೋ ಆ್ಯಪ್ ತೆರೆದ ತಕ್ಷಣ ಮುಚ್ಚಿಕೊಳ್ಳುತ್ತೆ, ಅದಕ್ಕೆ ಮದ್ದಿಲ್ಲ. ಸೀಲ್ ಒಡೆದ ಮೇಲೆ ಬ್ಯಾಂಕ್ ಕೆಲಸಕ್ಕೆ ಈ ಮೆಷಿನ್ ಬೇಡವೇ ಬೇಡ.

ಸಕ್ಕರೆ_ಸೀಮೆ:
ಬ್ಯಾಂಕ್ ಕೆಲ್ಸ ಬ್ಯಾಡ ಅಂದ್ರೆ? ಸೆಕ್ಯುರಿಟಿ ಪ್ಯಾಚೇ ಬರದಿರೋ ಕ್ಯಾಟಲೀನಾದಲ್ಲಿ ನಿಂತಿದ್ರೆ ಅದು ಭದ್ರನಾ? ಸೀಲ್ ಒಡೆದ ಸೊನೋಮಾ, ಬೀಗ ಹಾಕಿದ ಹಳೇ ಕ್ಯಾಟಲೀನಾ ಎಲ್ಡರಲ್ಲಿ ನಾನು ಸೊನೋಮಾನೇ ಅಂತೀನಿ. ಹೆದರ್‌ಸೋದ್ ಬುಡಿ.

ಸರಸ್ವತಿಪುರಂ_ಸಂಜೆ:
ಹೆದರಿಸ್ತಿಲ್ಲ, ಲೆಕ್ಕ ಹೇಳ್ತಿದೀನಿ. 2025ರ ಸೆಪ್ಟೆಂಬರಲ್ಲಿ ಮ್ಯಾಕ್‌ಓಎಸ್ ಟಾಹೋ ಬಂತು. ಇಂಟೆಲ್ ಮ್ಯಾಕ್‌ಗಳಿಗೆ ಅದೇ ಕೊನೆ ಅಂತ ಆಪಲ್ಲೇ ಹೇಳಿದೆ. ಸಾಮಾನ್ಯವಾಗಿ ಕೊನೆಯ ಮೂರು ಆವೃತ್ತಿಗಷ್ಟೇ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತಾರೆ. ಟಾಹೋ ಬಂದಾಗಲೇ ಸೊನೋಮಾ ಆ ಮೂರರಲ್ಲಿ ಹಳೇದು. 9,650 ಸುರಿದು ಎಷ್ಟು ಕಾಲ?

ಅಶೋಕ_ರಸ್ತೆ_ಡಿಟಿಪಿ:
ಮ್ಯಾಕ್ ಸಹವಾಸವೇ ಬೇಡ ಸರ್. ಅಂಗಡಿಯಲ್ಲಿರೋದು ನಾಲ್ಕನೇ ತಲೆಮಾರಿನ ಐ5 ಡೆಸ್ಕ್‌ಟಾಪ್‌ಗಳು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗೀತು, ವಿಂಡೋಸ್ 11 ಇವುಗಳನ್ನ ಒಪ್ಪಲ್ಲ: ಟಿಪಿಎಂ 2.0 ಅನ್ನೋ ಭದ್ರತಾ ಘಟಕ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಬೇಕು. ಬೂಟ್ ಪೆನ್‌ಡ್ರೈವ್ ಮಾಡೋ ರೂಫಸ್‌ನಲ್ಲಿ ವಿಂಡೋಸ್ 11ರ ಐಎಸ್‌ಒ ಫೈಲ್ ಕೊಟ್ಟು ಸ್ಟಾರ್ಟ್ ಒತ್ತಿದಾಗ ಬರೋ ಪೆಟ್ಟಿಗೆಯಲ್ಲಿ ರ್‍ಯಾಮ್, ಸೆಕ್ಯೂರ್ ಬೂಟ್, ಟಿಪಿಎಂ ಷರತ್ತು ತೆಗೆಯೋದಕ್ಕೆ ಟಿಕ್ ಹಾಕಿದರೆ ಸಾಕು. ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ತಾನಾಗೇ ಆನ್ ಆಗೋದನ್ನ ತಡೆಯೋ ಟಿಕ್ಕೂ ಅಲ್ಲೇ ಇದೆ, ಮರೀಬೇಡಿ. ಹಳೇ ಡೇಟಾ ಉಳಿಸಿಕೊಂಡೇ ಅಪ್‌ಗ್ರೇಡ್ ಮಾಡೋದಾದರೆ ರೂಫಸ್ 4.6 ಅಥವಾ ಹೊಸದು ಬೇಕು, ಹಳೇದರಲ್ಲಿ ಮಾಡಿದ ಪೆನ್‌ಡ್ರೈವಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿಯ ಸೆಟಪ್ ಮುಂದಕ್ಕೆ ಹೋಗಲ್ಲ.

ಡಿಸ್ಕ್ ಹಳೇ ಎಂಬಿಆರ್ ವಿಭಜನೆಯಲ್ಲಿದ್ದರೆ ಅದನ್ನ ಜಿಪಿಟಿಗೆ ಬದಲಿಸೋಕೆ ಮೊದಲು ವಿಂಡೋಸ್‌ನ mbr2gptಯಲ್ಲಿ ವ್ಯಾಲಿಡೇಟ್ ಮಾಡಿ, ಆಮೇಲೆ ಕನ್ವರ್ಟ್. ನಂತರ ಬಯಾಸ್‌ನಲ್ಲಿ ಲೆಗಸಿಯಿಂದ ಯುಇಎಫ್‌ಐಗೆ ತಿರುಗಿಸಬೇಕು, ತಿರುಗಿಸದಿದ್ದರೆ ಬೂಟ್ ಆಗಲ್ಲ. ಕೋರ್ 2 ಡ್ಯುಯೋ ಇಟ್ಕೊಂಡಿರೋರು ಕೈ ಮುಗಿದು ಬಿಡಿ: 24ಎಚ್2ಗೆ ಎಸ್‌ಎಸ್‌ಇ4.2, ಪಾಪ್‌ಕೌಂಟ್ ಸೂಚನೆಗಳು ಪ್ರೊಸೆಸರ್‌ನಲ್ಲೇ ಇರಬೇಕು, ಯಾವ ಟಿಕ್ಕೂ ಅದನ್ನ ತಂದುಕೊಡಲ್ಲ. ತಿಂಗಳ ಅಪ್‌ಡೇಟ್ ಬರುತ್ತೆ, ವರ್ಷದ ದೊಡ್ಡದು ತಾನಾಗಿ ಬರಲ್ಲ, ಮತ್ತೆ ಐಎಸ್‌ಒ ಹಾಕಬೇಕು.

ಮತ್ತೆ ಕನ್ನಡ ಟೈಪಿಂಗ್ ಅಂದ್ರಿ. ಆಫೀಸುಗಳಿಂದ ಬರೋ ಹಳೇ ಫೈಲೆಲ್ಲ ಯೂನಿಕೋಡ್ ಅಲ್ಲದ ನುಡಿ 01 ಇ ಫಾಂಟಿನವು. ಮ್ಯಾಕಲ್ಲಿ ಫಾಂಟ್ ಹಾಕಿ ಓದಬಹುದು, ನುಡಿ ತಂತ್ರಾಂಶವೇ ಇಲ್ಲದೆ ತಿದ್ದೋದು ಹೇಗೆ?

ಒಂಟಿಕೊಪ್ಪಲ್_ಲೈನಕ್ಸ್:
ಕಾಲೇಜು ಹುಡುಗಿಗೆ ನುಡಿ 01 ಇ ಯಾಕೆ ಬೇಕು? ಯೂನಿಕೋಡ್ ಸಾಕು. ಆ ಮ್ಯಾಕಿಗೆ ಲೈನಕ್ಸ್ ಮಿಂಟ್ 22 ಹಾಕಿ. 2029ರವರೆಗೆ ಬೆಂಬಲ, ಸೀಲೂ ಇಲ್ಲ, ಪ್ಯಾಚೂ ಇಲ್ಲ, ಎಚ್‌ಡಿ 4000 ಡ್ರೈವರ್ ಕರ್ನಲ್‌ನಲ್ಲೇ ಇದೆ. ವೈಫೈ ಚಿಪ್ ಬ್ರಾಡ್‌ಕಾಮ್ 4331, ಮೊದಲ ಸಲ ವೈರಲ್ಲಿ ನೆಟ್ ಕೊಟ್ಟು firmware-b43-installer ಅನ್ನೋ ಪ್ಯಾಕೇಜ್ ಹಾಕಿ ರೀಸ್ಟಾರ್ಟ್ ಮಾಡಿ. ಫ್ಯಾನ್‌ಗೆ mbpfan ಹಾಕಿ, ಇಲ್ಲದಿದ್ದರೆ ತೊಡೆ ಸುಡುತ್ತೆ. ಕನ್ನಡಕ್ಕೆ ibus-m17n, ಅದರಲ್ಲಿ ಕೆಜಿಪಿ ವಿನ್ಯಾಸ ಆರಿಸಿದರೆ ನುಡಿಯ ಕೀಲಿಗಳೇ.

ಅಶೋಕ_ರಸ್ತೆ_ಡಿಟಿಪಿ:
ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಒಂದನ್ನ ಲೈನಕ್ಸಲ್ಲಿ ಓಡಿಸಿ ತೋರಿಸಿ, ಆಮೇಲೆ ಮಾತಾಡೋಣ. ಊರಲ್ಲಿ ಪ್ರತಿ ಎರಡನೇ ಅಂಗಡಿಯಲ್ಲಿ ಅದೇ ಇದೆ.

ಒಂಟಿಕೊಪ್ಪಲ್_ಲೈನಕ್ಸ್:
ಅದು ಪ್ರಿಂಟರ್‌ನ ದೋಷ. ಕ್ಯಾಪ್ಟ್ ಅನ್ನೋ ತನ್ನದೇ ಭಾಷೆ ಬಿಟ್ಟು ಬೇರೆ ಅರ್ಥ ಆಗಲ್ಲ ಅದಕ್ಕೆ. ಪಿಸಿಎಲ್ ಭಾಷೆ ಬರೋ ಪ್ರಿಂಟರ್ ತಗೊಳ್ಳಿ.

ಅಶೋಕ_ರಸ್ತೆ_ಡಿಟಿಪಿ:
ನೀವು ಕೊಡಿಸ್ತೀರಾ?

ಸಕ್ಕರೆ_ಸೀಮೆ:
ಯಾರ್ ಯಾರ್‍ಗೋ ಪ್ರಿಂಟರ್ ಕೊಡ್ಸದು ಆಮೇಲಾಗ್ಲಿ. ನೂರಡಿ ರಸ್ತೆಯೋರೇ, ಬಜೆಟ್ಟು ಐದು ಅಂದ್ರೆ ಎಸ್‌ಎಸ್‌ಡಿ, ರ್‍ಯಾಮ್ ಎಲ್ಡೇ ಮಾಡಿ, ಬ್ಯಾಟರಿ ಬುಡಿ. ಸೊನೋಮಾ ಹಾಕಿ ಟರ್ಮಿನಲ್ಲಲ್ಲಿ sudo trimforce enable ಕೊಡಿ, ಆಪಲ್ಲಿಂದಲ್ಲದ ಎಸ್‌ಎಸ್‌ಡಿಗೆ ಅಳಿಸಿದ ಜಾಗ ಚೊಕ್ಕ ಮಾಡೋ ಟ್ರಿಮ್ ತಾನಾಗಿ ಆನ್ ಆಗಲ್ಲ. ಸೊನೋಮಾ ಮುಂದಿನ ಸಿಕೋಯಾಗೆ ಕೈ ಹಾಕ್ಬ್ಯಾಡಿ, ಈ ಗ್ರಾಫಿಕ್ಸಿಗೆ ಅದರಲ್ಲಿ ಪ್ಯಾಚಿನ ಹೊರೆ ಇನ್ನೂ ಜಾಸ್ತಿ.

ನೂರಡಿ_ರಸ್ತೆ_ಮಂಡ್ಯ:
ಸರಿ ಅಣ್ಣ. ಕೇಬಲ್ ಬೇಕಾದರೆ ಎ1278 ಅಂತ ಹೇಳಿದರೆ ಅಂಗಡಿಯಲ್ಲಿ ಕೊಡ್ತಾರಾ?

ಕುವೆಂಪುನಗರ_ಕೆ_ಬ್ಲಾಕ್:
ಅಯ್ಯೋ, ಹಾಗೆ ಕೇಳಿದರೆ ಇಲ್ಲಿ ಆದದ್ದೇ ಅಲ್ಲೂ ಆಗುತ್ತೆ. ಎ1278 ಅನ್ನೋದು 2008ರ ಕೊನೆಯಿಂದ 2012ರವರೆಗಿನ 13 ಇಂಚಿನವಕ್ಕೆಲ್ಲ ಒಂದೇ ನಂಬರು, ಕೇಬಲ್ ಮಾತ್ರ ಬೇರೆ ಬೇರೆ. ನಿಮ್ಮದಕ್ಕೆ 821-2049 ಅಥವಾ 821-1480 ಅಂತ ಕೇಬಲ್ ಪಟ್ಟಿಯ ಮೇಲೇ ಅಚ್ಚಾಗಿರಬೇಕು. ದುಡ್ಡು ಕೊಡೋ ಮುಂಚೆ ಕವರ್ ಬಿಚ್ಚಿಸಿ ಓದಿ.