ಶಾಲೆಗೆ ಸೈಕಾಲಜಿಸ್ಟ್ ಬರುತ್ತಿದ್ದಾರೆ: ಅವರ ಕೆಲಸ ಯಾವುದು, ಯಾವುದಲ್ಲ?

ಗಂಟೆಗೂಡು:
ಧಾರವಾಡ ಕಡೆಯ ಅನುದಾನರಹಿತ ಶಾಲೆ, 1ರಿಂದ 10ನೇ ತರಗತಿ, ಸುಮಾರು 600 ಮಕ್ಕಳು, ಎರಡೂ ಮಾಧ್ಯಮ. ಪೂರ್ಣಾವಧಿ ಸೈಕಾಲಜಿಸ್ಟ್ ಒಬ್ಬರನ್ನು ತೆಗೆದುಕೊಳ್ಳಲು ಆಡಳಿತ ಮಂಡಳಿ ಒಪ್ಪಿದೆ. ಕೆಲಸದ ಪಟ್ಟಿ ಮಾಡಲು ಕೂತರೆ ಒಬ್ಬೊಬ್ಬರದು ಒಂದೊಂದು ಬೇಡಿಕೆ. ಗಲಾಟೆ ಮಾಡುವವರನ್ನು ಕಳಿಸಲು ಒಂದು ಕೋಣೆ ಸಿಕ್ಕಿತು ಅಂತ ಶಿಕ್ಷಕರು. ಎಲ್ಲ ಮಕ್ಕಳ ಐಕ್ಯೂ ವರದಿ ಬೇಕು ಅಂತ ಮಂಡಳಿ. ಎಸ್‌ಎಸ್‌ಎಲ್‌ಸಿ ರಿಯಾಯಿತಿಗೆ ಸರ್ಟಿಫಿಕೇಟ್ ಅವರೇ ಕೊಡ್ತಾರಾ ಅಂತ ಪಾಲಕರು. ಯಾರಾದರೂ ರಜೆ ಹಾಕಿದರೆ ಅವರ ಪೀರಿಯಡ್ ಇವರಿಗೆ ಅಂತ ಮುಖ್ಯೋಪಾಧ್ಯಾಯರು. ಇದರಲ್ಲಿ ಯಾವುದನ್ನು ಬರೆಯಲಿ, ಯಾವುದನ್ನು ಬಿಡಲಿ?

ಹಿಂದಿನಬೆಂಚು:
ರಜೆಯ ಪೀರಿಯಡ್ ಮೊದಲು ತೆಗೆಯಿರಿ. ಮೂರನೇ ಪೀರಿಯಡ್‌ಗೆ ಬಾ ಅಂತ ಹೇಳಿಸಿಕೊಂಡ ಹುಡುಗಿ ಬಂದು ಬೀಗ ನೋಡಿ ಹೋದರೆ ಮತ್ತೆ ಬರುವುದಿಲ್ಲ. ಪಾಠ ಮಾಡಿ ಅಂಕ ಹಾಕುವವರ ಮುಂದೆ ಮಕ್ಕಳು ಬಾಯಿ ಬಿಡುವುದೂ ಕಷ್ಟ.

ಗಲಾಟೆ ಮಕ್ಕಳ ಕೋಣೆ ಅದಕ್ಕಿಂತ ಕೆಟ್ಟದ್ದು. ಗಣಿತ ಬರದ ಹುಡುಗನಿಗೆ ಗಣಿತದ ಹೊತ್ತಲ್ಲಿ ಹೊರಗೆ ಹೋಗಲು ಸಿಗುವುದೇ ಬಹುಮಾನ. ಮರುದಿನ ಗಲಾಟೆ ಇನ್ನೂ ಬೇಗ ಶುರುವಾಗುತ್ತದೆ. ‘ಸೈಕಾಲಜಿಸ್ಟ್ ಹತ್ರ ಕಳಿಸ್ತೀನಿ ನೋಡು’ ಅನ್ನುವುದು ಬೆದರಿಕೆಯಾಗಿಬಿಟ್ಟರೆ, ಮೂಲೆಯಲ್ಲಿ ಸದ್ದಿಲ್ಲದೆ ಕೊರಗುವ ಮಗು ಆ ಕೋಣೆಯ ಕಡೆ ತಲೆಯನ್ನೂ ಹಾಕುವುದಿಲ್ಲ.

ಕಳಿಸುವ ಮುಂಚೆ ಶಿಕ್ಷಕರು ಒಂದು ಪುಟದ ಫಾರಂ ತುಂಬಬೇಕು: ಏನು ಕಂಡಿತು, ಯಾವ ಪೀರಿಯಡ್‌ನಲ್ಲಿ, ವಾರಕ್ಕೆ ಎಷ್ಟು ಸಲ, ಅದಕ್ಕೆ ಮುಂಚೆ ಏನು ನಡೆದಿತ್ತು, ಆಮೇಲೆ ಏನಾಯಿತು, ಇಲ್ಲಿಯವರೆಗೆ ಏನು ಮಾಡಿ ನೋಡಿದ್ದಾರೆ. ‘ಸೋಮಾರಿ, ಗಮನವಿಲ್ಲ’ ಅಂತ ಬರೆದರೆ ಫಾರಂ ವಾಪಸ್. ‘ಓದಲು ಎಬ್ಬಿಸಿದಾಗೆಲ್ಲ ಪಕ್ಕದವನ ಪುಸ್ತಕ ಎಳೆಯುತ್ತಾನೆ, ವಾರಕ್ಕೆ ನಾಲ್ಕು ಸಲ’ ಅಂತಿದ್ದರೆ ಅರ್ಧ ಉತ್ತರ ಅಲ್ಲೇ ಇದೆ.

ಆಮೇಲೆ ತರಗತಿಯಲ್ಲೇ ಕೂತು ನೋಡುವುದು. ಎರಡು ಬೇರೆ ವಿಷಯಗಳಲ್ಲಿ, ಒಂದೊಂದು ಸಲ 20ರಿಂದ 30 ನಿಮಿಷ. ಪ್ರತಿ 15 ಸೆಕೆಂಡಿಗೆ ಒಮ್ಮೆ ಮಗು ಪಾಠದಲ್ಲಿದೆಯೋ ಇಲ್ಲವೋ ಅಂತ ಗುರುತು ಹಾಕುತ್ತಾರೆ. ಜೊತೆಗೆ ಅದೇ ಸಾಲಿನ ಇನ್ನೊಂದು ಮಗುವಿನದೂ ಬೇಕು, ಇದನ್ನೇ ಬಹಳ ಜನ ಬಿಡುವುದು. ಇವನು 50%, ಪಕ್ಕದವನು 55% ಬಂದರೆ ತೊಂದರೆ ಹುಡುಗನದಲ್ಲ, ಪಾಠದ್ದು. (ಇದನ್ನು ಶಿಕ್ಷಕರಿಗೆ ಮುನಿಸು ಬರದ ಹಾಗೆ ಹೇಳುವುದೂ ಸಂಬಳದ ಕೆಲಸವೇ.) ನಂತರ ಶಿಕ್ಷಕರ ಜೊತೆ ಕೂತು ಒಂದೇ ಒಂದು ಬದಲಾವಣೆ ಗೊತ್ತುಮಾಡಿ, 6ರಿಂದ 8 ವಾರ ನಡೆಸಿ, ವಾರವಾರ ಅಳೆಯಬೇಕು. ಒಟ್ಟಿಗೆ ನಾಲ್ಕು ಬದಲಾಯಿಸಿದರೆ ಯಾವುದು ನಾಟಿತು ಅಂತ ಗೊತ್ತಾಗದು. ನನ್ನ ಪ್ರಕಾರ ಅವರ ವೇಳೆಯ ಅರ್ಧ ಇಲ್ಲಿಗೇ ಹೋಗಬೇಕು.

ನಾರ್ಮ್‌ಪಟ್ಟಿ:
ಐಕ್ಯೂ ವಿಷಯಕ್ಕೆ ಬರುತ್ತೇನೆ. 600 ಮಕ್ಕಳಿಗೂ ಮಾಡಿಸುವುದು ದುಡ್ಡಿನ ದಂಡ, ಮೇಲಿಂದ ಅಪಾಯ. ಸರಿಯಾದ ಪರೀಕ್ಷೆ ಒಬ್ಬೊಬ್ಬರನ್ನೇ ಕೂರಿಸಿ ಮಾಡುವಂಥದ್ದು, ಒಂದು ಗಂಟೆಗೆ ಕಡಿಮೆ ಆಗದು. ಒಬ್ಬರೇ ಕೂತರೆ ವರ್ಷವಿಡೀ ಬೇರೆ ಕೆಲಸವಿಲ್ಲ. ಒಂದು ಸಲ ಸಂಖ್ಯೆ ರಿಜಿಸ್ಟರ್‌ಗೆ ಬಿತ್ತೆಂದರೆ ಸೆಕ್ಷನ್ ವಿಂಗಡಣೆಗೆ ಬಳಸದೆ ಯಾರೂ ಬಿಡುವುದಿಲ್ಲ.

ನಮ್ಮಲ್ಲಿ ಹೆಚ್ಚು ಓಡಾಡುವುದು ಬಿನೆ-ಕಾಮತ್ ಮತ್ತು ಮಾಲಿನ್ ಪರೀಕ್ಷೆ. ಮೊದಲನೆಯದನ್ನು ವಿ. ವಿ. ಕಾಮತರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಕನ್ನಡದ ಮಟ್ಟಿಗೆ ದೊಡ್ಡ ಕೆಲಸ, ಆದರೆ ಎರಡರ ಮಾನಕಗಳೂ (ಮಗುವಿನ ಅಂಕವನ್ನು ಹೋಲಿಸುವ, ಅದೇ ವಯಸ್ಸಿನ ಮಕ್ಕಳ ಅಂಕಗಳ ಪಟ್ಟಿ) ಹಳೆಯವು. ಮಾನಕ ಹಳೆಯದಾದಷ್ಟೂ ಇಂದಿನ ಮಗುವಿನ ಅಂಕ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಒಂದು ವರ್ಷದೊಳಗೆ ಅದೇ ಪರೀಕ್ಷೆ ಮತ್ತೆ ಕೊಟ್ಟರೆ ಅಭ್ಯಾಸದಿಂದಲೇ ಅಂಕ ಏರುತ್ತದೆ. ಹಾಗಾಗಿ ವರದಿಯಲ್ಲಿ ಯಾವ ಪರೀಕ್ಷೆ, ಯಾವ ದಿನ, ಯಾವ ಭಾಷೆಯಲ್ಲಿ ಸೂಚನೆ ಕೊಟ್ಟರು ಎಂಬುದು ಇರಲೇಬೇಕು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಗುವಿಗೆ ಇಂಗ್ಲಿಷ್‌ನಲ್ಲಿ ಶಬ್ದಾರ್ಥ ಕೇಳಿ ‘ಮಂದ’ ಅಂತ ಬರೆದರೆ ಅಳೆದದ್ದು ಇಂಗ್ಲಿಷನ್ನು. ಪಾಲಕರ ಲಿಖಿತ ಒಪ್ಪಿಗೆ ಇಲ್ಲದೆ ಪರೀಕ್ಷೆ ಶುರು ಮಾಡಬಾರದು.

ಸರ್ಟಿಫಿಕೇಟ್ ಶಾಲೆಯವರು ಕೊಡುವುದಲ್ಲ. ಕಲಿಕಾ ನ್ಯೂನತೆ (ಬುದ್ಧಿ ಸರಿಯಿದ್ದೂ ಓದು, ಬರಹ, ಲೆಕ್ಕ ಹಿಡಿಯದಿರುವುದು) 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದು. ಪ್ರಮಾಣಪತ್ರ ಕೊಡುವುದು ಸರ್ಕಾರ ಗೊತ್ತುಮಾಡಿದ ವೈದ್ಯಕೀಯ ಪ್ರಾಧಿಕಾರ. 2018ರ ಮಾರ್ಗಸೂಚಿಯಲ್ಲಿ ಮೊದಲು ಕಣ್ಣು-ಕಿವಿ ತಪಾಸಣೆ, ನಂತರ ಐಕ್ಯೂ, ಅದು 85ಕ್ಕಿಂತ ಹೆಚ್ಚಿದ್ದರೆ ನಿಮ್ಹಾನ್ಸ್ ಬ್ಯಾಟರಿ (ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಕಲಿಕಾ ನ್ಯೂನತೆ ಪರೀಕ್ಷೆಗಳ ಗುಚ್ಛ) ಎಂಬ ಕ್ರಮ ಇತ್ತು. 8 ವರ್ಷ ತುಂಬಿರಬೇಕಿತ್ತು, 14 ಮತ್ತು 18ಕ್ಕೆ ಮತ್ತೆ ತಪಾಸಣೆ ಇತ್ತು. 2024ರಲ್ಲಿ ಪರಿಷ್ಕೃತ ಮಾರ್ಗಸೂಚಿ ಬಂದಿರುವುದರಿಂದ ಅರ್ಜಿ ಹಾಕುವಾಗ ಅದನ್ನೇ ಮುಂದಿಟ್ಟುಕೊಳ್ಳಿ. ನಿಮ್ಮ ಸೈಕಾಲಜಿಸ್ಟ್ ಕೆಲಸ ಕಡತ ಕಟ್ಟುವುದು: ನೋಟ್‌ಬುಕ್ ಪ್ರತಿಗಳು, ಶಿಕ್ಷಕರ ಟಿಪ್ಪಣಿ, ಎಂಟು ವಾರದ ಅಳತೆ. ಹತ್ತನೇ ತರಗತಿಯ ಡಿಸೆಂಬರ್‌ನಲ್ಲಿ ಎದ್ದು ಓಡಿದರೆ ಆಗುವುದಿಲ್ಲ, ಎಂಟನೇ ತರಗತಿಯಲ್ಲೇ ಶುರು ಮಾಡಿ. ರಿಯಾಯಿತಿಯ ವಿವರ ಆಯಾ ಪರೀಕ್ಷಾ ಮಂಡಳಿಯ ಸುತ್ತೋಲೆಯಲ್ಲಿರುತ್ತದೆ. ಸಿಬಿಎಸ್‌ಇಯಲ್ಲಿ 3 ಗಂಟೆಯ ಪತ್ರಿಕೆಗೆ 60 ನಿಮಿಷ ಹೆಚ್ಚುವರಿ.

ನೋವಿನ ಸಂಗತಿ ಅಂದರೆ ಐಕ್ಯೂ 70ರಿಂದ 84ರ ನಡುವೆ ಸಿಕ್ಕಿಕೊಂಡ ಮಕ್ಕಳು. 2018ರ ಆ ಕ್ರಮದಲ್ಲಿ ಅವರಿಗೆ ಕಲಿಕಾ ನ್ಯೂನತೆಯ ಪತ್ರವೂ ಇಲ್ಲ, ಬೌದ್ಧಿಕ ಅಂಗವೈಕಲ್ಯದ್ದೂ ಇಲ್ಲ. ತರಗತಿಯಲ್ಲಿ ಮಾಡಿಕೊಟ್ಟಷ್ಟೇ ಅವರ ಪಾಲು.

ಅರ್ಕಾವೊತ್ತು:
ಐಕ್ಯೂ ಎಲ್ಲರಿಗೂ ಬೇಡ, ಒಪ್ಪಿದೆ. ಆದರೆ ಮೂರನೇ ತರಗತಿಯ ಎಲ್ಲರ ಓದನ್ನೂ ಒಮ್ಮೆ ನೋಡಲೇಬೇಕು, ಅದನ್ನು ಬಿಡಬೇಡಿ. ಪಠ್ಯದಲ್ಲಿಲ್ಲದ ಹೊಸ ಗದ್ಯ ಕೊಟ್ಟು, ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಪದಗಳನ್ನು ಎಣಿಸುವುದು. ಪಠ್ಯದ ಪಾಠ ಕೊಟ್ಟರೆ ಮಕ್ಕಳು ಬಾಯಿಪಾಠ ಒಪ್ಪಿಸಿಬಿಡುತ್ತಾರೆ, ಕಣ್ಣು ಪುಸ್ತಕದ ಮೇಲೇ ಇರುವುದಿಲ್ಲ. ಜೊತೆಗೆ ‘ಮಟಿಗು’, ‘ಲೊಪ್ಪಸ’ದಂಥ ಅರ್ಥವಿಲ್ಲದ ಪದ ಹತ್ತು. 40 ಮಕ್ಕಳಿಗೆ ಎರಡು-ಮೂರು ಪೀರಿಯಡ್ ಸಾಕು.

ತಪ್ಪನ್ನು ಓದುವಾಗ ಕನ್ನಡ ಗೊತ್ತಿರಬೇಕು. ಗುಣಿತ, ಒತ್ತು ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ತೊಂದರೆಯಿಲ್ಲದ ಮಕ್ಕಳಿಗೂ ಪೂರ್ತಿ ಹಿಡಿತ ಬರುವುದು ನಾಲ್ಕು-ಐದನೇ ತರಗತಿಗೆ. ಎರಡನೇ ತರಗತಿಯವನು ‘ಸೂರ್ಯ’ವನ್ನು ‘ಸೂಯ್ರ’ ಅಂದರೆ ಗಾಬರಿ ಬೇಡ, ಮೊದಲು ಉಚ್ಚರಿಸುವ ರಕಾರದ ಗುರುತು ಬರಹದಲ್ಲಿ ಕೊನೆಗೆ ಬರುತ್ತದೆ. ‘ಹಾಲು’ ಬದಲು ‘ಆಲು’ ಬರೆದರೆ ಅದು ಮನೆಮಾತು, ನ್ಯೂನತೆಯಲ್ಲ. ಐದನೇ ತರಗತಿಯಲ್ಲೂ ಅಕ್ಷರ ಅಕ್ಷರ ಕೂಡಿಸಿ ಓದುವುದು, ಹ್ರಸ್ವ-ದೀರ್ಘ ಒಂದೇ ಸಾಲಿನಲ್ಲಿ ಹಿಂದೆಮುಂದೆ ಆಗುವುದು, ಒತ್ತು ಪೂರ್ತಿ ಬಿಟ್ಟುಹೋಗುವುದು, ಇವು ನೋಡಬೇಕಾದ ಗುರುತು. ಇಂಗ್ಲಿಷ್‌ನ ಬಿ-ಡಿ ಅದಲುಬದಲು ಪಟ್ಟಿ ಹಿಡಿದು ಕನ್ನಡ ಮಾಧ್ಯಮದ ಮಗುವನ್ನು ತೂಗಬೇಡಿ.

ಗಂಟೆಗೂಡು:
ಎಲ್ಲರಿಗೂ ಧನ್ಯವಾದ, ಮಂಡಳಿಗೆ ಇದನ್ನೇ ಪ್ರಿಂಟ್ ಹಾಕಿ ಕೊಡುತ್ತೇನೆ. ಒಂದು ಉಳಿಯಿತು. ಮಗು ಹೇಳಿದ್ದನ್ನು ಮುಖ್ಯೋಪಾಧ್ಯಾಯರಿಗೆ ಎಷ್ಟು ಹೇಳಬೇಕು?

ಕಲಂ19:
ಮೊದಲ ಭೇಟಿಯಲ್ಲೇ ಮಗುವಿಗೆ ತಿಳಿಸಬೇಕು: ನಿನಗೆ ಅಪಾಯ, ನಿನ್ನಿಂದ ಬೇರೆಯವರಿಗೆ ಅಪಾಯ, ಯಾರಾದರೂ ನಿನಗೆ ಕೆಟ್ಟದ್ದು ಮಾಡುತ್ತಿರುವುದು, ಈ ಮೂರನ್ನು ಬಿಟ್ಟು ಉಳಿದದ್ದು ಇಲ್ಲೇ ಇರುತ್ತದೆ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬಾರದು, ಮುರಿಯಬೇಕಾದ ದಿನ ಬರುತ್ತದೆ. ಶಿಕ್ಷಕರಿಗೆ ಬೇಕಾಗಿರುವುದು ‘ಮುಂದಿನ ಬೆಂಚು, ಒಂದು ಸಲಕ್ಕೆ ಒಂದೇ ಸೂಚನೆ’ ಎಂಬಷ್ಟು. ರೋಗದ ಹೆಸರು, ಮನೆಯ ಜಗಳ ಅವರಿಗೆ ಬೇಡ. ಆದ್ದರಿಂದ ಎರಡು ಕಡತ: ಶಿಕ್ಷಕರಿಗೆ ಕೊಡುವ ಸೂಚನೆಗಳದ್ದೊಂದು, ಮಗು ಹೇಳಿದ್ದರದ್ದೊಂದು. ಎರಡನೆಯದರ ಬೀಗದ ಕೈ ಸೈಕಾಲಜಿಸ್ಟ್ ಹತ್ತಿರ ಮಾತ್ರ.

ಸಾಯುವ ಮಾತು ಬಂದರೆ ನೇರವಾಗಿ ಕೇಳಬೇಕು. ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಮಗುವನ್ನು ಒಂಟಿಯಾಗಿ ಬಿಡದೆ, ಅದೇ ದಿನ ಪಾಲಕರನ್ನು ಕರೆಸಿ, ಸಹಿ ಪಡೆದು ಒಪ್ಪಿಸಬೇಕು. ರಾತ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಅವರ ಕೈಯಲ್ಲಿರಲಿ.

ಲೈಂಗಿಕ ದೌರ್ಜನ್ಯದಲ್ಲಿ ಆಯ್ಕೆಯೇ ಇಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟವರಿಗೆ 6 ತಿಂಗಳವರೆಗೆ, ಕೈಕೆಳಗಿನವರ ಅಪರಾಧ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು. ‘ಆಂತರಿಕ ತನಿಖೆ ಮುಗಿಯಲಿ’ ಎಂಬ ಸಬೂಬು ನಡೆಯದು. ಮಗು ಹೇಳಿದ ಮಾತನ್ನು ಅದರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ಮಂಡಳಿಯ ಮುಂದೆ ಮತ್ತೆ ಹೇಳಿಸಬೇಡಿ. ಹತ್ತು ಜನ ಹತ್ತು ಸಲ ಕೇಳಿದರೆ ಮಗುವೂ ಕುಗ್ಗುತ್ತದೆ, ಸಾಕ್ಷ್ಯವೂ ಕೆಡುತ್ತದೆ.

ಮಂಡಳಿ ಈಗ ಹಿಂಜರಿದರೆ ಇದನ್ನೂ ತೋರಿಸಿ: 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಂತೆ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕು.

ಹಿಂದಿನಬೆಂಚು:
ಕೋಣೆ ಆರಿಸುವಾಗ ಆಫೀಸಿನ ಪಕ್ಕದ್ದು ಬೇಡ. ಪಾಲಕರು, ಗುಮಾಸ್ತರು ಸಾಲಾಗಿ ಕೂತಿರುವ ಕಡೆ ಯಾವ ಮಗುವೂ ಒಳಗೆ ಹೋಗುವುದಿಲ್ಲ. ಲೈಬ್ರರಿ ಕಡೆಗಿದ್ದರೆ ಒಳ್ಳೆಯದು, ಯಾಕೆ ಬಂದೆ ಅಂತ ಯಾರೂ ಕೇಳುವುದಿಲ್ಲ.