2011ರ ಆಲ್ಟೊಗೆ 1.10 ಲಕ್ಷ ಹೇಳುತ್ತಿದ್ದಾರೆ, ತಗೊಳ್ಳಬಹುದಾ?

ಮಾನ್ವಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಮನೆ ರಾಯಚೂರು, ಶಾಲೆ ಮಾನ್ವಿ ಕಡೆ. ದಿನಾ ಬೈಕಿನಲ್ಲೇ ಓಡಾಟ, ಈ ಬಿಸಿಲಿಗೆ ಸಾಕಾಗಿ ಹೋಗಿದೆ. ಸೋದರಮಾವನ ಪರಿಚಯದವರ ಹತ್ತಿರ 2011ರ ಆಲ್ಟೊ ಇದೆ. 800 ಸಿಸಿ ಪೆಟ್ರೋಲ್, ಎರಡನೇ ಓನರ್, ಮೀಟರಿನಲ್ಲಿ 92,000 ಕಿ.ಮೀ. ಒಂದು ರೌಂಡ್ ಓಡಿಸಿ ನೋಡಿದೆ. ಎಸಿ ಹಾಕಿಕೊಂಡು ಬಸ್ ಸ್ಟ್ಯಾಂಡ್ ಮುಂದೆ ಟ್ರಾಫಿಕ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಅರ್ಧ ದಾಟಿತು. ಗಾಡಿ ಹೊರಟ ಮೇಲೆ ತಾನಾಗೇ ಇಳಿಯಿತು. ಕೇಳಿದರೆ "ರಾಯಚೂರು ಬಿಸಿಲು ಸರ್, ಎಲ್ಲಾ ಗಾಡಿಗೂ ಹಾಗೇ" ಅಂದರು. ಹೌದಾ?

ಸಿಂಧನೂರು ಹುಡುಗ:
ಆಲ್ಟೊ ಅಂದರೆ ಕಣ್ಣು ಮುಚ್ಚಿ ತಗೊಳ್ಳಿ ಸರ್. ಸ್ಪೇರ್ ಪಾರ್ಟ್ಸ್ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ.

ಗಂಗಾವತಿ ಗುಮಾಸ್ತ:
ಕಣ್ಣು ಮುಚ್ಚಿ ತಗೊಂಡವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 2008ರ ಆಲ್ಟೊ, 85,000ಕ್ಕೆ ತಗೊಂಡಿದ್ದು. ಮೊದಲ ಬೇಸಿಗೆಯಲ್ಲೇ, ಒಂದು ಮಂಗಳವಾರ, ಮನೆಯವರನ್ನೆಲ್ಲ ಕೂರಿಸಿಕೊಂಡು ಹುಲಿಗೆಮ್ಮನ ಗುಡಿಗೆ ಹೊರಟಿದ್ದೆ. ದಾರಿಯಲ್ಲೇ ಬಾನೆಟ್‌ನಿಂದ ಹೊಗೆ. ಹೊಗೆ ಅಲ್ಲ, ಆವಿ. ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿ ತೋರಿಸಿದ. ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟಿಕೊಳ್ಳುತ್ತದಲ್ಲ ಬಿಳಿ ಸುಣ್ಣ, ಅದೇ. ಹಿಂದಿನವರು ಕೂಲೆಂಟ್ (ಇಂಜಿನ್ ತಣ್ಣಗಿಡಲು ರೇಡಿಯೇಟರ್‌ಗೆ ಹಾಕುವ ಬಣ್ಣದ ದ್ರವ) ದುಡ್ಡು ಉಳಿಸಲು ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದರು. ನಮ್ಮ ಕಡೆ ನೀರು ಹೇಗಿದೆ ಅಂತ ನಿಮಗೆ ಹೇಳಬೇಕಾ?

ಇಂಜಿನ್ ಮೇಲ್ಭಾಗದ ಹೆಡ್ ಬೆಂಡ್ ಆಗಿತ್ತು, ಅದರ ಅಡಿಯ ಗ್ಯಾಸ್ಕೆಟ್ (ಆಯಿಲಿಗೆ ನೀರು ಸೇರದ ಹಾಗೆ ತಡೆಯುವ ಪದರ) ಸುಟ್ಟಿತ್ತು. ಬಿಲ್ ಚೀಟಿ ಇನ್ನೂ ಡ್ಯಾಶ್‌ಬೋರ್ಡಿನಲ್ಲಿದೆ: ರೇಡಿಯೇಟರ್ 3,200, ಗ್ಯಾಸ್ಕೆಟ್ ಸೆಟ್ 1,800, ಲೇತ್‌ನಲ್ಲಿ ಹೆಡ್ ಫೇಸಿಂಗ್ 1,200, ವಾಟರ್ ಪಂಪ್ 1,400, ಟೈಮಿಂಗ್ ಬೆಲ್ಟ್ (ಇಂಜಿನ್ ಒಳಗಿನ ಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಪಟ್ಟಿ) 900, ಕೂಲೆಂಟ್, ಆಯಿಲ್ ಸೇರಿ 1,900, ಕೂಲಿ 4,000. ಒಟ್ಟು 14,400. ಮೂರು ವರ್ಷದ ಹಿಂದಿನ ಮಾತು ಇದು. ಗಾಡಿದು ತಪ್ಪಿಲ್ಲ. ಆಮೇಲೆ ಒಂದು ದಿನವೂ ನಿಂತಿಲ್ಲ.

ಈಗ ನಿಮ್ಮ ಗಾಡಿ ವಿಷಯ. ಬಿಸಿಲು ಅನ್ನೋದು ನೆಪ. ಓಡುವಾಗ ಗಾಳಿ ತಾನಾಗೇ ರೇಡಿಯೇಟರ್‌ಗೆ ಬಡಿಯುತ್ತದೆ. ನಿಂತಾಗ ಆ ಕೆಲಸ ಫ್ಯಾನ್ ಮಾಡಬೇಕು. ನಿಂತಾಗ ಮುಳ್ಳು ಏರಿ, ಓಡಿದಾಗ ಇಳಿದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಫ್ಯಾನ್ ಮೋಟರ್ ಒಂದೇ ಆದರೆ ಎರಡು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ನನ್ನ ಕಥೆಯೇ.

ಬೆಳಗ್ಗೆ ಬೇಗ ಹೋಗಿ. ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮೊದಲೇ ಹೇಳಿ. ಇಂಜಿನ್ ಪೂರ್ತಿ ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿ ಇದ್ದರೆ ಮುಟ್ಟಲೇಬೇಡಿ, ಮುಖಕ್ಕೆ ಚಿಮ್ಮುತ್ತದೆ. ಹಸಿರೋ ಕೆಂಪೋ ಕೂಲೆಂಟ್ ಬಣ್ಣ ಕಂಡರೆ ಸರಿ, ಚಹಾ ಬಣ್ಣ ಕಂಡರೆ ಹುಷಾರು. ಆಮೇಲೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅಡಿ ನೋಡಿ. ಬೆಣ್ಣೆ ಹಾಗೆ ಮೆತ್ತಿಕೊಂಡಿದ್ದರೆ ಆಯಿಲಿಗೆ ನೀರು ಸೇರಿದೆ. ಚಹಾ ಕುಡಿದು ವಾಪಸ್ ಬನ್ನಿ. ಟೈಮಿಂಗ್ ಬೆಲ್ಟ್ ಹಾಕಿಸಿದ ಬಿಲ್ ಇಲ್ಲದಿದ್ದರೆ ಹಾಕಿಸಿಲ್ಲ ಅಂತಲೇ ಲೆಕ್ಕ.

ರಾಯಚೂರು ಅಕ್ಕ:
ಇಂಜಿನ್ ವಿಷಯ ಅಣ್ಣ ಹೇಳಿದ್ದಾರೆ. ಆರ್‌ಸಿ ಯಾವ ತಿಂಗಳವರೆಗೆ ಇದೆ ನೋಡಿದಿರಾ? ಸ್ವಂತ ಕಾರಿಗೆ 15 ವರ್ಷ ಅಷ್ಟೇ. ಆಮೇಲೆ ಆರ್‌ಟಿಒಗೆ ಗಾಡಿ ಒಯ್ದು ತೋರಿಸಿ ಐದು ವರ್ಷಕ್ಕೆ ರಿನ್ಯೂವಲ್ ಮಾಡಿಸಬೇಕು. 600 ಇದ್ದ ಫೀಸು 2022ರಿಂದ 5,000 ಆಗಿದೆ. ತಡ ಮಾಡಿದರೆ ತಿಂಗಳಿಗೆ 500 ದಂಡ ಬೇರೆ. ಚೌಕಾಸಿಗೆ ಕೂತಾಗ ಇದನ್ನೂ ಕಳೆಯಿರಿ. ಟೈರ್ ಹೂವು ನೋಡಿ ಮರುಳಾಗಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2317 ಅಂತಿದ್ದರೆ 2017ರ 23ನೇ ವಾರದ ಟೈರ್ ಅದು.

ಮಾನ್ವಿ ಮೇಷ್ಟ್ರು:
ಗಂಗಾವತಿ ಅಣ್ಣಾವ್ರೆ, ಆರೂವರೆಗೆ ಹೋದೆ. ಬಾನೆಟ್ ಆಗಲೇ ಬಿಸಿ! "ಸ್ಟಾರ್ಟ್ ಆಗುತ್ತಾ ಅಂತ ಸುಮ್ನೆ ನೋಡಿದೆ ಸರ್" ಅಂದರು. ಮರುದಿನ ಹೇಳದೆ ಹೋದೆ. ನೀರು ಚಹಾ ಬಣ್ಣವೇ. ಆದರೆ ಆಯಿಲ್ ಮುಚ್ಚಳ ಕ್ಲೀನ್ ಇತ್ತು. ಎಸಿ ಹಾಕಿ ಹತ್ತು ನಿಮಿಷ ನಿಲ್ಲಿಸಿದರೂ ಫ್ಯಾನ್ ತಿರುಗಲೇ ಇಲ್ಲ.

ಗಂಗಾವತಿ ಗುಮಾಸ್ತ:
ಹಾಗಾದರೆ ಹೆಡ್ ಉಳಿದಿರಬಹುದು. ಫ್ಯಾನ್, ರೇಡಿಯೇಟರ್, ಬೆಲ್ಟ್, ಆರ್‌ಸಿ ಎಲ್ಲಾ ಸೇರಿ 15,000 ಕೈಯಲ್ಲಿಟ್ಟುಕೊಂಡು ರೇಟು ಮಾತಾಡಿ. ನಿಮ್ಮ ಮೆಕ್ಯಾನಿಕ್‌ಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ. ಮಾವನ ಎದುರಿಗೆ ಚೌಕಾಸಿ ಬೇಡ, ನಿಮ್ಮ ಬಾಯಿ ಕಟ್ಟುತ್ತದೆ.

ಮಾನ್ವಿ ಮೇಷ್ಟ್ರು:
88,000ಕ್ಕೆ ಇಳಿದಿದ್ದಾರೆ. ಭಾನುವಾರ ಮೆಕ್ಯಾನಿಕ್ ಬರುತ್ತಾನೆ. ಮಾವ ಮಾತ್ರ ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ.