ಪದಚರ್ಚೆ: ಜೀವಕೋಶ ‘ಬೆಳೆಯಿತು’ ಎಂದರೆ ದಪ್ಪವಾಯಿತೇ, ಹೆಚ್ಚಾಯಿತೇ?

ಹುಬ್ಬಳ್ಳಿಯಿಂದ:
ವಿಜ್ಞಾನ ಪ್ರದರ್ಶನಕ್ಕೆ ಒಂದು ಫಲಕ ಅನುವಾದಿಸುತ್ತಿದ್ದೇನೆ. ಫ್ಲೆಕ್ಸ್ ಅಂಗಡಿಯವರು ಸಂಜೆ ಆರರೊಳಗೆ ಪಠ್ಯ ಕೇಳಿದ್ದಾರೆ. ಕೋಶ ತಾನೇ ದೊಡ್ಡದಾಗುವುದಕ್ಕೆ ಮೂಲದಲ್ಲಿ ಒಂದು ಪದ, ಕೋಶಗಳ ಸಂಖ್ಯೆ ಹೆಚ್ಚುವುದಕ್ಕೆ ಇನ್ನೊಂದು. ನಾನು ಎರಡಕ್ಕೂ ‘ಬೆಳವಣಿಗೆ’ ಬಳಸಿದೆ. ಫಲ: ‘ಮಿಕ್ ಜೀನಿನ ಆರ್ಭಟ ಅತಿಯಾದಾಗ ಹಣ್ಣುನೊಣದ ರೆಕ್ಕೆಯ ಕೋಶಗಳ ಬೆಳವಣಿಗೆ ಹೆಚ್ಚುತ್ತದೆ, ಬೆಳವಣಿಗೆ ಹೆಚ್ಚುವುದಿಲ್ಲ.’ ಓದಿದ ಮಗಳು ಇನ್ನೂ ನಗುತ್ತಿದ್ದಾಳೆ. ಮಿಕ್ ಒಂದು ಆಂಕೊಜೀನ್, ಅಂದರೆ ಅತಿಯಾದರೆ ಕ್ಯಾನ್ಸರ್‌ಗೆ ದಾರಿ ಮಾಡುವ ಜೀನ್. ಆಂಕೊಜೀನ್‌ಗೆ ‘ಕ್ಯಾನ್ಸರ್‌ಕಾರಕ’ ನಡೆದೀತೇ? ಬೇಗ ತಿಳಿಸಿ.

ಧಾರವಾಡದಿಂದ:
ನಡೆಯದು. ಕ್ಯಾನ್ಸರ್‌ಕಾರಕ ಎಂದರೆ ತಂಬಾಕಿನ ಹೊಗೆಯಂಥದು. ‘ಅರ್ಬುದಜನಕ’ ಎನ್ನಿ; ಅರ್ಬುದ ಎಂದರೆ ಗಡ್ಡೆ. ಗ್ರೀಕಿನ ‘ಆಂಕೊಸ್’ ಎಂದರೂ ಮುದ್ದೆ, ಬಾವು. ದಪ್ಪದ ಮಾತು ಹೆಸರಿನಲ್ಲೇ ಅಡಗಿದೆ. ಇನ್ನು ‘ಗಾತ್ರ’ ಸಂಸ್ಕೃತದಲ್ಲಿ ಮೈ, ಅಂಗ. ಕನ್ನಡದಲ್ಲಿ ಅದು ಅಳತೆಯಾಯಿತು. ಎರವಲು ದಕ್ಕುವುದು ಹೀಗೆ.

ಹಾವೇರಿಯಿಂದ:
ಅರ್ಬುದ ಎಂದರೆ ಹತ್ತು ಕೋಟಿ ಎಂದೂ ಇದೆ. ಜನ ಎಣಿಸುತ್ತ ಕೂರಲಿ. ಅವರು ಕೇಳಿದ್ದು ಬೆಳವಣಿಗೆಯ ವಿಷಯ, ನೀವು ಹೋದದ್ದು ಗ್ರೀಸಿಗೆ. ಹಾನಗಲ್ಲಿನ ಗದ್ದೆಗೆ ಬನ್ನಿ. ಭತ್ತ ತೆಂಡೆ ಒಡೆದು ಬುಡದಲ್ಲಿ ಕವಲು ಹೆಚ್ಚುವುದು ಬೇರೆ, ಕಾಳು ತುಂಬುವುದು ಬೇರೆ. ಇವೆರಡನ್ನೂ ಕಲಸಿ ‘ಬೆಳವಣಿಗೆ’ ಎನ್ನುವ ರೈತನನ್ನು ನಾನು ಕಂಡಿಲ್ಲ. ಕೋಶ ‘ತುಂಬುತ್ತದೆ’, ಕೋಶ ‘ಒಡೆಯುತ್ತದೆ’, ಮುಗಿಯಿತು. ಸಾಮಾನ್ಯದ ಸುಮಾರು ಅರ್ಧ ಗಾತ್ರಕ್ಕೇ ಇಬ್ಭಾಗವಾಗುವ ಯೀಸ್ಟ್ (ಒಂದೇ ಕೋಶದ ಶಿಲೀಂಧ್ರ) ತಳಿಯನ್ನು ವಿಜ್ಞಾನಿ ಪಾಲ್ ನರ್ಸ್ 1975ರಲ್ಲಿ ವರದಿ ಮಾಡಿದಾಗ ಇಟ್ಟ ಹೆಸರು ‘ವೀ’. ಸ್ಕಾಟ್ಲೆಂಡಿನ ಮನೆಮಾತಿನಲ್ಲಿ ‘ಪುಟ್ಟದು’ ಎಂದರ್ಥ. ಅವರಿಗೆ ಲ್ಯಾಟಿನ್ ಬೇಕಾಗಲಿಲ್ಲ, ನಮಗೇಕೆ ಸಂಸ್ಕೃತ?

ಧಾರವಾಡದಿಂದ:
‘ಕೋಶ’ ಯಾವ ಗದ್ದೆಯಲ್ಲಿ ಬೆಳೆಯಿತು? ಮೊದಲು ಅದನ್ನು ಕಿತ್ತುಹಾಕಿ. ‘ಕೋಶ ಒಡೆಯಿತು’ ಎಂದರೆ ಸಿಡಿದು ಸತ್ತಿತು ಎಂದು ಓದುತ್ತಾರೆ.

ಗದಗಿನಿಂದ:
ಆ ಮಾತು ಮಾತ್ರ ನಿಜ. ‘ಇಬ್ಭಾಗ’ ಇದೆಯಲ್ಲ, ಹಾವೇರಿಯವರೇ ಬಳಸಿದ್ದಾರೆ. ಜೊತೆಗೆ ಒಂದು ಎಚ್ಚರಿಕೆ: ಕೋಶ ದಪ್ಪವಾದದ್ದೇ ಕ್ಯಾನ್ಸರ್ ಎಂದು ಫಲಕ ಹೇಳಬಾರದು. ವ್ಯಾಯಾಮ ಮಾಡಿದರೆ ಸ್ನಾಯುವಿನ ಕೋಶವೂ ದಪ್ಪವಾಗುತ್ತದೆ. ಆಂಕೊಜೀನ್ ಕೆಡಿಸುವುದು ಯಾವಾಗ ನಿಲ್ಲಬೇಕೆಂಬ ಲೆಕ್ಕವನ್ನು. ಬೆಳವಣಿಗೆಗೆ ಕಡಿವಾಣ ಹಾಕುವ ಪಿಟೆನ್‌ನಂಥ ತಡೆಜೀನ್ ಕೈಕೊಟ್ಟರೂ ಅದೇ ಗತಿ.

ಹಾವೇರಿಯಿಂದ:
‘ತಡೆಜೀನ್’ ಚೆನ್ನಾಗಿದೆ. ‘ಜೀನ್’ ಮಾತ್ರ ಇಂಗ್ಲಿಷಿನ ಬಾಲ.

ಹುಬ್ಬಳ್ಳಿಯಿಂದ:
ಬಾಲ ಇರಲಿ, ಆರಕ್ಕೆ ಹತ್ತು ನಿಮಿಷವಿದೆ. ‘ಕೋಶಗಳು ದಪ್ಪವಾಗುತ್ತವೆ, ಆದರೆ ಇಬ್ಭಾಗವಾಗುವ ವೇಗ ಹೆಚ್ಚುವುದಿಲ್ಲ’ ಎಂದು ಕಳಿಸಿದೆ. ಆಂಕೊಜೀನ್ ಆಂಕೊಜೀನ್ ಆಗಿಯೇ ಹೋಯಿತು. ಅಂಗಡಿಯ ಹುಡುಗ ಫೋನ್ ಮಾಡಿ ‘ಇಬ್ಭಾಗ’ದಲ್ಲಿ ಬ-ಗೆ ಭ ಒತ್ತೇ, ಬ ಒತ್ತೇ ಎಂದು ಕೇಳುತ್ತಿದ್ದಾನೆ.